ಒಲೆಗೆ ತೋರಿಸದ ಚಟ್ನಿ

ಯುಗಾದಿ ಬೆಳಿಗ್ಗೆ ನಮ್ಮ ಮನೆಯ ಒಲೆಗೆ ಬಿಡುವೇ ಇರುವುದಿಲ್ಲ. ಒಂದು ಕಡೆ ಕಡ್ಲೆಬೇಳೆ ಕುದಿಯುತ್ತಿರುತ್ತದೆ. ಇನ್ನೊಂದು ಕಡೆ ಅನ್ನಕ್ಕೆ ನೀರು. ಬೇಳೆ ಬಸಿದ ಕಟ್ಟಿನಲ್ಲಿ ಸಾರು ಆಗಬೇಕು, ಹೂರಣ ಆಗಬೇಕು, ಆಮೇಲೆ ಹೆಂಚಿಟ್ಟು ಹೋಳಿಗೆ ಬೇಯಿಸಲು ನಿಂತರೆ ಮಧ್ಯಾಹ್ನ ಒಂದು ಗಂಟೆಯಾದರೂ ಮುಗಿಯುವುದಿಲ್ಲ. ಇಷ್ಟೆಲ್ಲದರ ನಡುವೆ, ಒಲೆಯಿಂದ ದೂರ, ಕಿಟಕಿಯ ಪಕ್ಕದ ಗೂಡಿನಲ್ಲಿ ಒಂದು ಪಿಂಗಾಣಿ ಬಟ್ಟಲು ಮುಚ್ಚಿಟ್ಟಿರುತ್ತದೆ. ಅದರಲ್ಲಿರುವುದು ಬೇಲದ ಹಣ್ಣಿನ ಹಸಿ ಚಟ್ನಿ. ಹಿಂದಿನ ರಾತ್ರಿಯೇ ಕಲಸಿಟ್ಟದ್ದು. ಅದು ಬೆಂಕಿಯ ಮುಖ ನೋಡಿಲ್ಲ. ಒಗ್ಗರಣೆಯೂ ಇಲ್ಲ.

ನನ್ನ ತವರು ಚಿತ್ರದುರ್ಗದ ಕಡೆ ಒಂದು ಹಳ್ಳಿ. ಮಳೆ ನಂಬಿದ ಹೊಲ. ಶೇಂಗಾ, ರಾಗಿ, ವರ್ಷ ಚೆನ್ನಾಗಿದ್ದರೆ ಒಂದಿಷ್ಟು ಈರುಳ್ಳಿ. ಮದುವೆಯಾಗಿ ಬಂದದ್ದು ದಾವಣಗೆರೆಗೆ. ಅತ್ತೆ ಮನೆಯವರ ಗದ್ದೆ ಭದ್ರಾ ನಾಲೆಯ ಕೆಳಗಿದೆ. ಭತ್ತ, ತೆಂಗು, ಅಡಿಕೆ. 1997ರವರೆಗೆ ಎರಡೂ ಊರು ಒಂದೇ ಜಿಲ್ಲೆಯಲ್ಲಿದ್ದವು. ಬಸ್ಸು ಹತ್ತಿದರೆ ಹೆಚ್ಚು ಹೊತ್ತಿನ ದಾರಿಯೂ ಅಲ್ಲ. ಆದರೆ ಊಟದ ಎಲೆಯ ಮುಂದೆ ಕೂತಾಗ ಗೊತ್ತಾಗುತ್ತದೆ, ನೀರು ಹರಿಯುವ ಊರಿಗೂ ನೀರಿಗೆ ಕಾಯುವ ಊರಿಗೂ ಬಾಯಿರುಚಿ ಎಷ್ಟು ಬೇರೆ ಅಂತ. ಮೊದಲ ಯುಗಾದಿಯ ದಿನ ಅತ್ತೆ ಮನೆಯ ಎಲೆಯಲ್ಲಿ ಎಲ್ಲಾ ಇತ್ತು. ಹೋಳಿಗೆ, ತುಪ್ಪ, ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ, ಎರಡು ಪಲ್ಯ, ಹಪ್ಪಳ. ನಾನು ಮಾತ್ರ ಎಲೆಯ ಎಡಗಡೆ, ಉಪ್ಪಿನ ಪಕ್ಕ, ಏನನ್ನೋ ಹುಡುಕುತ್ತಿದ್ದೆ. ತವರಿನಲ್ಲಿ ಆ ಜಾಗದಲ್ಲಿ ಕಂದು ಬಣ್ಣದ ಒಂದು ಸಣ್ಣ ಮುದ್ದೆ ಇರುತ್ತಿತ್ತು.

ಅತ್ತೆಗೆ ಬೇಲದ ಹಣ್ಣು ಗೊತ್ತಿರಲಿಲ್ಲ ಅಂತಲ್ಲ. ರಾಮನವಮಿಗೆ ಅದರ ಪಾನಕ ಮಾಡುತ್ತಿದ್ದರು. ಗಣೇಶನ ಹಬ್ಬಕ್ಕೆ ಮೂರ್ತಿಯ ಮೇಲೆ ಫಲಾವಳಿ ಕಟ್ಟುವಾಗ ಒಂದು ಕಾಯಿ ತರಿಸುತ್ತಿದ್ದರು. ಗಣೇಶನ ಶ್ಲೋಕದಲ್ಲಿ ಬರುವ ಕಪಿತ್ಥ ಅಂದರೆ ಇದೇ ಹಣ್ಣು. ಆದರೆ ಹೋಳಿಗೆ ಊಟಕ್ಕೆ ಇದನ್ನು ನೆಂಚಿಕೊಳ್ಳುವುದು ಅವರು ಕಂಡಿರಲಿಲ್ಲ. "ಬೇಯಿಸದೇ ಇಡೋದಾ? ಹಬ್ಬದ ಅಡುಗೆ ಅಂದ್ರೆ ಬೇಯಿಸಬೇಕಲ್ವಾ ಅಮ್ಮಾ?" ಅಂತ ಕೇಳಿದ್ದರು. ಬೈಗುಳವಲ್ಲ ಅದು, ನಿಜವಾಗಿಯೂ ಅನುಮಾನ. ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ.

ಮೊದಲು ಮರದ ವಿಷಯ ಹೇಳಬೇಕು. ಬೇಲ ಕಲ್ಲುನೆಲದ ಮರ. ನಮ್ಮ ಹೊಲದ ಬದುವಿನ ಮೇಲೆ ಒಂದು ಇದೆ. ಅಜ್ಜನ ಕಾಲದ್ದು. ಯಾರೂ ಅದಕ್ಕೆ ಒಂದು ಕೊಡ ನೀರು ಹಾಕಿದ್ದು ನಾನು ನೋಡಿಲ್ಲ. ಮೈತುಂಬ ಮುಳ್ಳು. ಹತ್ತಿ ಕೀಳಲು ಹೋದ ಹುಡುಗರ ಮೊಣಕೈ ಗೀರಿಕೊಂಡು ರಕ್ತ ಬರುತ್ತಿತ್ತು. ನಿಂಬೆಯ ಕುಟುಂಬಕ್ಕೆ ಸೇರಿದ ಮರ ಇದು. ಎಲೆ ತಿಕ್ಕಿ ಮೂಸಿದರೆ ಸೋಂಪಿನಂಥ ಒಂದು ಪರಿಮಳ. ಬೀಜದಿಂದ ಬೆಳೆಸಿದರೆ ಫಲ ಬಿಡಲು 15 ವರ್ಷವಾದರೂ ಬೇಕು. ಹಾಗಾಗಿ ಯಾರೂ ತಮಗಾಗಿ ಬೇಲ ನೆಡುವುದಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳುತ್ತಾರೆ, ಅಷ್ಟೇ.

ಬೇಲವನ್ನೂ ಬಿಲ್ವವನ್ನೂ ಒಂದೇ ಅಂದುಕೊಳ್ಳುವವರು ತುಂಬಾ ಜನ. ಹಿಂದಿಯಲ್ಲಿ ಬೇಲ್ ಅಂದರೆ ಬಿಲ್ವ. ಗೊಂದಲ ಜಾಸ್ತಿಯಾಗಿರುವುದು ಅದರಿಂದ. ಶಿವನಿಗೆ ಏರಿಸುವ ಬಿಲ್ವಪತ್ರೆಯಲ್ಲಿ ಮೂರು ದಳ. ಬೇಲದ ಎಲೆಯಲ್ಲಿ ಐದು, ಏಳು ಹೀಗೆ ಪುಟ್ಟ ಪುಟ್ಟ ದಳ. ಬಿಲ್ವದ ಕಾಯಿಯ ಸಿಪ್ಪೆ ನುಣುಪು. ಬೇಲದ ಚಿಪ್ಪು ಬೂದಿ ಮೆತ್ತಿದ ಹಾಗೆ ಬಿಳಿಚಿಕೊಂಡು ಒರಟಾಗಿರುತ್ತದೆ. ಬಿಲ್ವದ ಹಣ್ಣು ತಂದು ಈ ಚಟ್ನಿ ಮಾಡಿದರೆ ಬರೀ ಸಿಹಿ ಅಂಟು ಆಗುತ್ತದೆ. ಈ ಚಟ್ನಿಗೆ ಬೇಲದ ಹುಳಿಯೇ ಬೇಕು.

ಶಿವರಾತ್ರಿ ಮುಗಿದು, ನಾಯಕನಹಟ್ಟಿ ಜಾತ್ರೆಯ ಹೊತ್ತಿಗೆ ನಮ್ಮ ಮರದ ಕೆಳಗೆ ಹಣ್ಣು ಬೀಳಲು ಶುರುವಾಗುತ್ತಿತ್ತು. ಬೆಳಗಿನ ಜಾವ ಹೋಗಿ ಆರಿಸಿಕೊಂಡು ಬರಬೇಕು. ತಾನೇ ಬಿದ್ದದ್ದೇ ಒಳ್ಳೆಯದು ಅಂತ ಅವ್ವ ಹೇಳುತ್ತಿದ್ದಳು. ಕಿತ್ತು ತಂದ ಕಾಯಿಯಾದರೆ ಮಾಳಿಗೆಯ ಮೇಲೆ ಎರಡು ವಾರ ಬಿಸಿಲಿಗೆ ಇಡಬೇಕು. ದಿನಾ ಸಂಜೆ ಮಗ್ಗುಲು ತಿರುಗಿಸುವ ಕೆಲಸ ನನ್ನದು. ನಮ್ಮದು ಮಣ್ಣಿನ ಮಾಳಿಗೆ ಮನೆ. ಮಾರ್ಚ್ ತಿಂಗಳ ಬಿಸಿಲಿಗೆ ಆ ಮಣ್ಣು ಕಾದು ರಾತ್ರಿಯವರೆಗೂ ಬೆಚ್ಚಗಿರುತ್ತಿತ್ತು. ಹಣ್ಣಿನ ವಾಸನೆ ಮೊದಲು ಮೇಲಿಂದ ಗವಾಕ್ಷಿಯಲ್ಲಿ ಕೆಳಗಿಳಿಯುತ್ತಿತ್ತು. ಒಂದು ದಿನ ಸಣ್ಣಗೆ, ಮರುದಿನ ಮನೆತುಂಬ. ಹುಳಿ, ಬೆಲ್ಲ, ಸ್ವಲ್ಪ ಹಳೆಯ ಹುದುಗಿನ ವಾಸನೆ ಸೇರಿದ ಹಾಗೆ. ಕೆಲವರಿಗೆ ಆಗುವುದಿಲ್ಲ. ನನಗೆ ಆ ವಾಸನೆ ಬಂದರೆ ಇನ್ನೂ ಯುಗಾದಿ ಹತ್ತಿರ ಬಂತು ಅನ್ನಿಸುತ್ತದೆ, ಕ್ಯಾಲೆಂಡರ್ ನೋಡಬೇಕಿಲ್ಲ.

ಹಣ್ಣಾಗಿದೆಯಾ ಅಂತ ತಿಳಿಯಲು ಬಣ್ಣ ನೋಡಿ ಪ್ರಯೋಜನವಿಲ್ಲ. ಹಿಸುಕಿ ನೋಡಲು ಇದು ಮಾವಲ್ಲ, ಚಿಪ್ಪು ಕಲ್ಲಿನ ಹಾಗಿರುತ್ತದೆ. ಒಂದು ಅಡಿ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಬೇಕು. ಕಾಯಿಯಾದರೆ ಪುಟಿಯುತ್ತದೆ, ಟಕ್ ಅನ್ನುತ್ತದೆ. ಹಣ್ಣಾದರೆ ಬಿದ್ದಲ್ಲೇ ಕೂರುತ್ತದೆ, ದಪ್ ಅನ್ನುತ್ತದೆ. ಒಳಗಿನ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಮೆತ್ತಗಾಗಿರುವ ಸದ್ದು ಅದು. ಅವ್ವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಗದ್ದಲ ಮಾಡಿದರೆ ಸುಮ್ನಿರ್ರೋ ಅಂತ ಗದರುತ್ತಿದ್ದಳು.

ಇನ್ನು ಮಾಡುವ ಬಗೆ. ಎರಡು ದೊಡ್ಡ ಹಣ್ಣು ಒಡೆದರೆ ಒಂದೂವರೆ ಬಟ್ಟಲು ತಿರುಳು ಸಿಗುತ್ತದೆ. ಅದೇ ಬಟ್ಟಲಿನಲ್ಲಿ ಒಂದು ಬಟ್ಟಲು ಪುಡಿ ಮಾಡಿದ ಬೆಲ್ಲ. ಹಣ್ಣು ಜಾಸ್ತಿ ಹುಳಿಯಿದ್ದರೆ ಇನ್ನೊಂದು ಹಿಡಿ. ಮೂರು ಹಸಿಮೆಣಸಿನಕಾಯಿ, ಅರ್ಧ ಚಮಚ ಜೀರಿಗೆ, ಬೆರಳ ತುದಿಯಷ್ಟು ಶುಂಠಿ, ಉಪ್ಪು. ಬೇರೆ ದಿನವಾದರೆ ಎರಡು ಎಸಳು ಬೆಳ್ಳುಳ್ಳಿ, ಹಬ್ಬದ ದಿನ ನಮ್ಮಲ್ಲಿ ಹಾಕುವುದಿಲ್ಲ. ಜೀರಿಗೆಯನ್ನೂ ಹುರಿಯುವುದಿಲ್ಲ. ಮೆಣಸಿನಕಾಯಿ, ಜೀರಿಗೆ, ಶುಂಠಿ, ಉಪ್ಪು ಮೊದಲು ಒಳಕಲ್ಲಿನಲ್ಲಿ ಜಜ್ಜಬೇಕು. ಆಮೇಲೆ ಬೆಲ್ಲ. ಬೆಲ್ಲ ಆ ಖಾರದ ನೀರನ್ನು ಕುಡಿದು ಒದ್ದೆಯಾಗುತ್ತದೆ. ಕೊನೆಗೆ ತಿರುಳು. ತಿರುಳು ಹಾಕಿದ ಮೇಲೆ ಗುಂಡು ತಿರುಗಿಸುವಂತಿಲ್ಲ. ಕೈಯಲ್ಲೇ ಕಿವುಚಬೇಕು. ನಾರು ಬೆರಳಿಗೆ ಸಿಗುತ್ತದೆ, ಎಳೆದು ತೆಗೆಯಬೇಕು. ಬೀಜ ಇರಲಿ. ಅದು ಬಾಯಲ್ಲಿ ಕಟುಮ್ ಅನ್ನುವುದೇ ಚೆಂದ.

ಮಿಕ್ಸಿಗೆ ಹಾಕಬಾರದು. ಮದುವೆಯಾದ ಎರಡನೇ ವರ್ಷ ನಾನು ಹಾಕಿದ್ದೆ, ಬೇಗ ಆಗಲಿ ಅಂತ. ಬೀಜವೆಲ್ಲ ನುರಿದು, ಬಾಯಿಗಿಟ್ಟರೆ ಮರಳು ಸಿಕ್ಕಿದ ಹಾಗೆ ಆಯಿತು. ಒಗರೂ ಏರಿತು. ಇನ್ನೊಂದು ಮಾತು, ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬೇಡಿ. ಇಷ್ಟು ಹುಳಿ ಲೋಹವನ್ನು ಸುಮ್ನೆ ಬಿಡುವುದಿಲ್ಲ. ಕಲ್ಲು, ಗಾಜು, ಪಿಂಗಾಣಿ ಸರಿ.

ಬೆಲ್ಲದ ಬಗ್ಗೆ ನನಗೆ ಸ್ವಲ್ಪ ಹಠ ಇದೆ. ಬೇಯಿಸುವ ಅಡುಗೆಯಲ್ಲಿ ಬೆಲ್ಲದ ತಪ್ಪು ಮುಚ್ಚಿಹೋಗಬಹುದು. ಇಲ್ಲಿ ಹೋಗುವುದಿಲ್ಲ. ಹಳದಿ ಮಿಂಚುವ ಬೆಲ್ಲಕ್ಕೆ ಬಣ್ಣ ಬರಲೆಂದು ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವುದುಂಟು. ಅಂಥದ್ದನ್ನು ಹಸಿಯಾಗಿ ತಿಂದರೆ ಕೊನೆಯಲ್ಲಿ ಒಂದು ಉಪ್ಪುಪ್ಪು ಚುರುಕು ಉಳಿಯುತ್ತದೆ. ನಾನು ಮಂಡಿಪೇಟೆಗೆ ಹೋದಾಗ ಕಪ್ಪಗಿನ, ಮೆತ್ತಗಿನ ಬೆಲ್ಲ ಹುಡುಕುತ್ತೇನೆ. ಕಸ, ಕಡ್ಡಿ ಇರಬಹುದು ಅಂತ ಅನುಮಾನ ಬಂದರೆ ಎರಡು ಚಮಚ ನೀರಿನಲ್ಲಿ ನೆನೆಯಲು ಬಿಟ್ಟು, ಕರಗಿದ ಮೇಲೆ ಬಟ್ಟೆಯಲ್ಲಿ ಸೋಸುತ್ತೇನೆ. ಕಾಯಿಸಿ ಕರಗಿಸಿದರೆ ಹತ್ತು ನಿಮಿಷದ ಕೆಲಸ. ನೆನೆಸಿದರೆ ಒಂದು ಮಧ್ಯಾಹ್ನ ಬೇಕು. ಮಧ್ಯಾಹ್ನವನ್ನೇ ಕೊಡುತ್ತೇನೆ.

ಯಾಕೆ ಬೇಯಿಸಬಾರದು ಅನ್ನುವುದು ನನಗೆ ತಿಳಿದದ್ದು ಬೇಯಿಸಿ ನೋಡಿದ ಮೇಲೆ. ಒಂದು ವರ್ಷ ತವರಿನಿಂದ ಹತ್ತು ಹನ್ನೆರಡು ಹಣ್ಣು ಒಟ್ಟಿಗೆ ಬಂದವು. ಇಷ್ಟನ್ನೂ ಹಸಿಯಾಗಿ ಮುಗಿಸಲು ಆಗುವುದಿಲ್ಲ, ಬೆಲ್ಲ ಹಾಕಿ ಕಾಯಿಸಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ ಅಂತ ನಾದಿನಿ ಹೇಳಿದಳು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಬೇಲದಲ್ಲಿ ಪೆಕ್ಟಿನ್ ಅನ್ನುವ ಅಂಟಿನ ಅಂಶ ತುಂಬಾ ಇದೆ, ಅದಕ್ಕೇ ಇದರ ಜಾಮು, ಜೆಲ್ಲಿ ಚೆನ್ನಾಗಿ ಗಟ್ಟಿಯಾಗುತ್ತದೆ. ನಮ್ಮದೂ ಆಯಿತು. ಹೊಳೆಯುವ ಕಂದು ಬಣ್ಣ, ಚಮಚದಲ್ಲಿ ತೆಗೆದರೆ ನಡುಗುವ ಹದ. ಆದರೆ ಕಾಯಿಸುತ್ತಿದ್ದ ಆ ಅರ್ಧ ಗಂಟೆ ನಮ್ಮ ಬೀದಿಯೆಲ್ಲ ಬೇಲದ ವಾಸನೆ. ಬೀದಿಗೆ ಹೋದದ್ದು ಬಾಟಲಿಗೆ ಬರಲಿಲ್ಲ. ಬಿಸಿ ತಾಗಿದರೆ ಮೊದಲು ಹಾರಿಹೋಗುವುದು ಪರಿಮಳವೇ ಅಲ್ವಾ. ಅವ್ವ ಬಂದಾಗ ಒಂದು ಬೆರಳು ಅದ್ದಿ ನೆಕ್ಕಿದಳು. "ಚೆನ್ನಾಗೈತೆ ಕಣೇ. ಆದ್ರೆ ಇದು ಯಾವ ಹಣ್ಣು ಅಂತ ಗೊತ್ತಾಗ್ತಿಲ್ಲ" ಅಂದಳು. ಆ ವರ್ಷ ಅತ್ತೆಯೂ ಎರಡನ್ನೂ ಪಕ್ಕಪಕ್ಕ ಇಟ್ಟು ತಿಂದು ನೋಡಿದರು. ಮಾತಾಡಲಿಲ್ಲ. ಮುಂದಿನ ಯುಗಾದಿಗೆ ಒಂದು ವಾರ ಮೊದಲೇ "ನಿಮ್ಮ ಅವ್ವನಿಗೆ ಫೋನ್ ಮಾಡಿ ಹಣ್ಣು ಬಿದ್ದಾವಾ ಕೇಳು" ಅಂದರು.

ಬೇಯಿಸದ ಅಡುಗೆ ಅಂದರೆ ಸುಲಭ ಅಂತ ಬಹಳ ಜನ ತಿಳಿದಿದ್ದಾರೆ. ನಾನೂ ತಿಳಿದಿದ್ದೆ. ಈಗ ನನಗೆ ಅನ್ನಿಸುವುದು ಬೇರೆ. ಬೆಂಕಿ ಮಾಡುವ ಕೆಲಸವನ್ನು ಇಲ್ಲಿ ಹೊತ್ತು ಮಾಡುತ್ತದೆ. ಉಪ್ಪು, ಬೆಲ್ಲ ಸೇರಿ ತಿರುಳಿನೊಳಗಿನ ನೀರನ್ನು ಹೊರಗೆಳೆಯುತ್ತವೆ. ಕಲಸಿದ ತಕ್ಷಣ ಬಾಯಿಗಿಟ್ಟರೆ ಹುಳಿ ಒಂದು ಕಡೆ, ಸಿಹಿ ಒಂದು ಕಡೆ, ಖಾರ ಇನ್ನೆಲ್ಲೋ. ನಾಲ್ಕು ಗಂಟೆ ಬಿಟ್ಟರೆ ಬೆಲ್ಲದ ಹರಳು ಕರಗಿ ಮೈ ನುಣುಪಾಗುತ್ತದೆ. ರಾತ್ರಿಯಿಡೀ ಬಿಟ್ಟರೆ ಮೆಣಸಿನಕಾಯಿಯ ಹಸಿ ಚುರುಕು ಇಳಿದು, ಒಗರು ತಗ್ಗಿ, ಎಲ್ಲ ಒಂದೇ ಮಾತಾಡತೊಡಗುತ್ತವೆ. ಅದಕ್ಕಿಂತ ಮೊದಲು ರುಚಿ ನೋಡಿ ಬೆಲ್ಲ ಜಾಸ್ತಿ ಹಾಕಿದರೆ ಬೆಳಿಗ್ಗೆ ಕೆಟ್ಟಿರುತ್ತದೆ. ಹಾಗೇ, ಅತಿಯಾಗಿ ಬಿಡುವಂತೆಯೂ ಇಲ್ಲ. ಬೇಯಿಸದ್ದು, ಮೇಲೆ ಏಪ್ರಿಲ್ ಸೆಕೆ. ಎರಡನೇ ದಿನಕ್ಕೆ ಸಣ್ಣ ಗುಳ್ಳೆ ಏಳಲು ಶುರುವಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ. ಗುಳ್ಳೆ ಕಂಡರೆ ಚೆಲ್ಲಿಬಿಡಬೇಕು, ಆಸೆ ಪಡಬಾರದು.

ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗಳು ಒಂದು ನವೆಂಬರಿನಲ್ಲಿ ಫೋನ್ ಮಾಡಿದ್ದಳು. ಅಲ್ಲಿ ನವೆಂಬರ್ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಗೆಳತಿಯ ಮನೆಯ ಊಟದಲ್ಲಿ ಕ್ರ್ಯಾನ್‌ಬೆರಿ ಅನ್ನುವ ಕೆಂಪು ಹುಳಿ ಹಣ್ಣನ್ನು ಹಸಿಯಾಗಿಯೇ ಕಿತ್ತಳೆಯ ಜೊತೆ, ಸಿಪ್ಪೆಯನ್ನೂ ಬಿಡದೆ ತರಿತರಿಯಾಗಿ ರುಬ್ಬಿ, ಸಕ್ಕರೆ ಬೆರೆಸಿ ಇಟ್ಟಿದ್ದರಂತೆ. "ಚಿಕ್ಕಮ್ಮಾ, ಹಿಂದಿನ ರಾತ್ರಿನೇ ಮಾಡಿಡಬೇಕಂತೆ, ಇಲ್ಲಾಂದ್ರೆ ರುಚಿ ಕೂಡಲ್ಲವಂತೆ" ಅಂದಳು. ನನಗೆ ಮೈ ಜುಮ್ ಅಂದಿತು. ಆ ಹಣ್ಣನ್ನು ನಾನು ಕಂಡಿಲ್ಲ. ಜೌಗು ನೆಲದಲ್ಲಿ ಬೆಳೆಯುತ್ತದಂತೆ, ನಮ್ಮ ಬೇಲಕ್ಕೆ ತದ್ವಿರುದ್ಧ. ಆದರೂ ಭಾರಿ ಊಟದ ಪಕ್ಕದಲ್ಲಿ ಒಂದು ಹಸಿ ಹುಳಿ ಬೇಕು, ಅದಕ್ಕೆ ಒಂದು ರಾತ್ರಿ ಕೊಡಬೇಕು ಅನ್ನುವುದು ಅಲ್ಲಿಯವರಿಗೂ ಗೊತ್ತಿದೆ.

ಹೋಳಿಗೆ ಜೊತೆ ಇದು ಏನು ಮಾಡುತ್ತದೆ ಅಂತ ತಿಂದವರಿಗೇ ಗೊತ್ತು. ಎರಡು ಹೋಳಿಗೆ ಆದ ಮೇಲೆ ನಾಲಿಗೆಗೆ ಸಿಹಿ ಸಿಹಿಯಾಗಿ ಕಾಣುವುದು ನಿಲ್ಲುತ್ತದೆ. ತುಪ್ಪ ಅಂಗುಳಕ್ಕೆ ಮೆತ್ತಿಕೊಂಡಿರುತ್ತದೆ. ಆಗ ಚಟ್ನಿಯಲ್ಲಿ ಬೆರಳ ತುದಿ ಅದ್ದಿ ನೆಕ್ಕಬೇಕು. ಹುಳಿ ಮೊದಲು ಬರುತ್ತದೆ, ಹಿಂದೆಯೇ ಒಗರು, ಆಮೇಲೆ ಬೆಲ್ಲ, ಖಾರ ಕೊನೆಗೆ. ಬಾಯಿ ತೊಳೆದಂತಾಗಿ ಮೂರನೇ ಹೋಳಿಗೆ ಮೊದಲನೆಯದರಷ್ಟೇ ರುಚಿಸುತ್ತದೆ. ಹೋಳಿಗೆ ಸಾರಿನ ಅನ್ನಕ್ಕೂ ಆಗುತ್ತದೆ. ನಮ್ಮ ಮನೆಯವರು ಮೊಸರನ್ನಕ್ಕೆ ಉಳಿಸಿಕೊಳ್ಳುತ್ತಾರೆ. ಒಬ್ಬೊಬ್ಬರಿಗೆ ಒಂದು ಚಮಚಕ್ಕಿಂತ ಹೆಚ್ಚು ಬಡಿಸುವುದಿಲ್ಲ. ಪಲ್ಯದಂತೆ ತಿನ್ನುವ ಪದಾರ್ಥ ಅಲ್ಲ ಇದು.

ಯುಗಾದಿಯ ಬೇವು ಬೆಲ್ಲವನ್ನೂ ಒಲೆಯ ಮೇಲಿಟ್ಟು ಬೇಯಿಸುವುದಿಲ್ಲ. ನಮ್ಮಲ್ಲಿ ಹುರಿಗಡಲೆ ಹಿಟ್ಟು, ಬೆಲ್ಲ, ಒಣಕೊಬ್ಬರಿ, ಗಸಗಸೆ, ಬೇವಿನ ಹೂ ಸೇರಿಸಿ ಪುಡಿಯಾಗಿ ಮಾಡುತ್ತಾರೆ. ಸಂಜೆ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬಿದ್ದಾಗಲೂ ಅದನ್ನೇ ಕೈಗೆ ಹಾಕುತ್ತಾರೆ. ಹಾಗಾಗಿ ಅತ್ತೆ ಕೇಳಿದ್ದ ಪ್ರಶ್ನೆಗೆ ಉತ್ತರ ಅವರ ಮನೆಯಲ್ಲೇ ಇತ್ತು. ವರ್ಷದ ಮೊದಲ ತುತ್ತೇ ಬೇಯಿಸಿದ್ದಲ್ಲ. ಇದನ್ನು ಅವರಿಗೆ ಹೇಳಿದ್ದು ನಾನಲ್ಲ, ಎಷ್ಟೋ ವರ್ಷದ ಮೇಲೆ ಅವರೇ ಬೇವು ಕಲಸುತ್ತಾ ನನಗೆ ಹೇಳಿದರು.

2024ರ ಯುಗಾದಿ ಮರೆಯುವಂತಿಲ್ಲ. ಏಪ್ರಿಲ್ 9, ಮಂಗಳವಾರ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ನಮ್ಮ ತವರಿನ ತಾಲ್ಲೂಕೂ ಅದರಲ್ಲಿತ್ತು. ಹೊಲದಲ್ಲಿ ಶೇಂಗಾ ಬಿತ್ತಿದ ಬೀಜದಷ್ಟೂ ಬರಲಿಲ್ಲ. ಕೊಳವೆಬಾವಿ ಉಸಿರು ಬಿಡುತ್ತಿತ್ತು, ನೀರಿಲ್ಲ. ಆ ವರ್ಷ ಈ ಕಡೆ ನಾಲೆಯ ಕೆಳಗೂ ಬೇಸಿಗೆ ಬೆಳೆಗೆ ಪರದಾಟ. ಹಬ್ಬಕ್ಕೆ ಏನೂ ಕಳಿಸಬೇಡ ಅವ್ವಾ ಅಂದಿದ್ದೆ. ಆದರೂ ಊರಿನ ಹುಡುಗನೊಬ್ಬನ ಕೈಯಲ್ಲಿ ಒಂದು ಚೀಲ ಬಂತು. ಬಿಚ್ಚಿದರೆ ಮೂರು ಬೇಲದ ಹಣ್ಣು. ಎಂದಿಗಿಂತ ಚಿಕ್ಕವು, ಚಿಪ್ಪು ದಪ್ಪ. ಒಡೆದಾಗ ತಿರುಳು ಒಂದು ಬಟ್ಟಲೂ ಆಗಲಿಲ್ಲ. ಆದರೆ ಅಷ್ಟು ಗಟ್ಟಿ ಹುಳಿ, ಅಷ್ಟು ಪರಿಮಳ ನಾನು ಬೇರೆ ಯಾವ ವರ್ಷವೂ ಕಂಡಿಲ್ಲ. ನೀರು ಕುಡಿಯದ ಮರ ತನ್ನಲ್ಲಿದ್ದದ್ದನ್ನೆಲ್ಲ ಆ ಮೂರರಲ್ಲಿ ಇಟ್ಟಿತ್ತೋ ಏನೋ. ಆ ದಿನ ಹನ್ನೊಂದು ಎಲೆಗೆ ಅರ್ಧರ್ಧ ಚಮಚ ಬಡಿಸಿದೆ. ಅತ್ತೆ ತಮ್ಮ ಪಾಲನ್ನು ಕೊನೆಯ ತುತ್ತಿನವರೆಗೆ ಮುಟ್ಟದೆ ಇಟ್ಟುಕೊಂಡಿದ್ದರು.

ಈಗ ಅವ್ವನಿಗೆ ಹೊಲದವರೆಗೆ ನಡೆಯಲು ಆಗುವುದಿಲ್ಲ, ಮಂಡಿನೋವು. ಬಿದ್ದ ಹಣ್ಣು ಯಾರು ಆರಿಸಿಕೊಂಡರೆ ಅವರದ್ದು. ಹಾಗಾಗಿ ನಾನು ದಾವಣಗೆರೆಯ ಕೆ.ಆರ್. ಮಾರ್ಕೆಟ್ಟಿನಲ್ಲಿ ಹುಡುಕುತ್ತೇನೆ. ಎಲ್ಲಾ ಅಂಗಡಿಯಲ್ಲಿ ಸಿಗುವುದಿಲ್ಲ. ನೆಲದ ಮೇಲೆ ಗೋಣಿತಟ್ಟು ಹಾಸಿ ಹುಣಸೆಹಣ್ಣು, ನೆಲ್ಲಿಕಾಯಿ ಇಟ್ಟುಕೊಂಡು ಕೂತಿರುವ ಅಜ್ಜಿಯರ ಹತ್ತಿರ ಇರುತ್ತದೆ. ಅವರ ಮುಂದೆಯೇ ನೆಲಕ್ಕೆ ಬಿಟ್ಟು ನೋಡಿದರೆ ಏನೂ ಅನ್ನುವುದಿಲ್ಲ. ಆದರೆ ಪೇಟೆಯ ಗದ್ದಲದಲ್ಲಿ ಸದ್ದು ಎಲ್ಲಿ ಕೇಳುತ್ತದೆ? ಐದು ಹಣ್ಣು ತಂದೆ. ಮನೆಗೆ ಬಂದು, ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಅವ್ವನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ ನೆಲದ ಮೇಲೆ ಇಟ್ಟೆ.

"ಕಲ್ಲಿನ ಮೇಲೆ ಬಿಡು, ಟೈಲ್ಸ್ ಮೇಲೆ ಬ್ಯಾಡ" ಅಂದಳು.

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಫೋನ್ ಇಟ್ಟೆ. ಮೊದಲನೆಯದು ಬಿಟ್ಟೆ.

"ಕಾಯಿ. ಮಾಳಿಗೆ ಮ್ಯಾಲೆ ಇಡು."

ನಮ್ಮದು ತಾರಸಿ, ಮಾಳಿಗೆ ಅಲ್ಲ. ಅವಳಿಗೆ ಎಲ್ಲ ಮನೆಯ ಮೇಲೂ ಮಾಳಿಗೆಯೇ. ಎರಡನೆಯದೂ ಕಾಯಿ. ಮೂರನೆಯದಕ್ಕೆ ಇನ್ನೊಂದು ಸಲ ಬಿಡು ಅಂದಳು. ಬಿಟ್ಟೆ. ಆ ಕಡೆಯಿಂದ ಸ್ವಲ್ಪ ಹೊತ್ತು ಉಸಿರಾಟ ಮಾತ್ರ ಕೇಳಿಸಿತು.

"ಇದು ಆಗೈತೆ ಕಣೇ. ನಾಳೀಕೆ ಬಿಡಬ್ಯಾಡ, ಇವತ್ತೇ ಒಡಿ. ಬೆಲ್ಲ ನೆನೆ ಹಾಕಿದೀಯಾ?"

ಹಾಕಿದೀನಿ ಅವ್ವಾ, ಅಂದೆ.